ಗಾಜಿನ ಮುಚ್ಚಳದ ಹೊರಗೆ

ಅಂಗಡಿಯಿಂದ,
ಮಾರ್ಚ್ ೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಭಾವ,

ಹೇಗಿದ್ದೀರಿ? ನಿಮ್ಮ ಅಣ್ಣನ ಮನೆಯಲ್ಲಿ ಊಟ ಸೇರುತ್ತಿದೆಯೇ? ಮೊಣಕಾಲು ಏನನ್ನುತ್ತದೆ? ನಾನು ಚೆನ್ನಾಗಿದ್ದೇನೆ ಅಂದರೆ ನಗುತ್ತೀರಿ. ಆದರೂ ಗುಳಿಗೆ ಒಗ್ಗಿದೆ. ಮೆಟ್ಟಿಲು ಹತ್ತುವಾಗ ಮಾತ್ರ ಶ್ವಾಸಕೋಶ ತಾನಿನ್ನೂ ಇದ್ದೇನೆಂದು ಹೇಳಿಕೊಳ್ಳುತ್ತದೆ. ಅಕ್ಕ ಚೆನ್ನಾಗಿದ್ದಾಳೆ, ಅಂದರೆ ಬೈಯುತ್ತಿದ್ದಾಳೆ. ನಿಮಗೆ ಸೇರಬೇಕಾದ ಬೈಗುಳವೆಲ್ಲ ಈಗ ನನ್ನ ಪಾಲಿಗೆ ಬೀಳುತ್ತಿದೆ. ಇದು ನ್ಯಾಯವಲ್ಲ.

ಅಂಗಡಿ ಬಾಗಿಲು ದಿನಾ ತೆರೆಯುತ್ತೇನೆ. ಮೇಜಿನ ಆ ಬದಿಯ ನಿಮ್ಮ ಕುರ್ಚಿಯಲ್ಲಿ ಗಿರಾಕಿಗಳು ಕೂರಲು ಬಂದರೆ, ಕಾಲು ಅಲ್ಲಾಡುತ್ತದೆ ಎಂದು ಸುಳ್ಳು ಹೇಳುತ್ತೇನೆ. ಬಿಚ್ಚಿದ ಗಡಿಯಾರದ ಚಕ್ರಗಳ ಮೇಲೆ ಗಾಜಿನ ಮುಚ್ಚಳ ಬೋರಲು ಹಾಕುವುದು ನೀವು ಕಲಿಸಿದ ಮೊದಲ ಪಾಠ. "ಒಂದು ಕಣ ಧೂಳು ಕೂತರೆ ಮುಗೀತು ಕಣೋ ಚಿಮಟ" ಅನ್ನುತ್ತಿದ್ದಿರಿ. ಚಕ್ರ ಎತ್ತುವ ಚಿಮಟದಂಥ ನನ್ನ ಸಣಕಲು ಕಾಲು ನೋಡಿ ಇಟ್ಟ ಹೆಸರು ಹಾಗೇ ಉಳಿಯಿತು. ಸಂಜೆ ಮುಚ್ಚಳ ಒರೆಸಿದಾಗ ಬಟ್ಟೆ ಕಪ್ಪಾಗುವುದನ್ನು ಇಪ್ಪತ್ತಾರು ವರ್ಷ ಇಬ್ಬರೂ ನೋಡಿದೆವು. ಎದುರಿನ ಚೌಕದಲ್ಲಿ ಲಾರಿಗಳು ಸಿಗ್ನಲ್ಲಿಗೆ ನಿಂತು ಹೊಗೆ ಕಾರುವುದನ್ನೂ ನೋಡಿದೆವು. ಎರಡನ್ನೂ ಕೂಡಿಸಿ ನೋಡಲಿಲ್ಲ. ಗಡಿಯಾರ ಒಳಗೆ, ನಾವು ಹೊರಗೆ.

ಈಗ ನನ್ನ ಶ್ವಾಸಕೋಶದ ಆ ವರದಿಯ ಮಾತು. ಗಡ್ಡೆಯ ವಂಶವಾಹಿಗಳಲ್ಲಿ ಸಿಗರೇಟು ಸೇದುವವರಲ್ಲಿ ಕಾಣುವಂಥ ಗುರುತುಗಳಿವೆ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಅಕ್ಕ ಎದ್ದು ಹೊರಬಂದಳು. ಮುಂದಿನದನ್ನು ಕೇಳಲೇ ಇಲ್ಲ. ಮೊದಲು ನನ್ನ ಅಂಗಿ ಜೇಬುಗಳನ್ನೆಲ್ಲ ತಡಕಾಡಿದಳು. ಐವತ್ತು ದಾಟಿದವನ ಜೇಬು! ಹುಣಸೆ ಪೆಪ್ಪರ್‌ಮೆಂಟು ಬಿಟ್ಟು ಬೇರೇನೂ ಸಿಗದಾಗ ನಿಮ್ಮತ್ತ ತಿರುಗಿದಳು. "ನಿಮ್ಮ ಹೊಗೇನೇ ನನ್ನ ತಮ್ಮನ್ನ ತಿಂದಿದ್ದು." ನೀವು ಚೀಲ ತುಂಬಿಕೊಂಡು ಅಣ್ಣನ ಮನೆಗೆ ಹೊರಟಿರಿ.

ನಿನ್ನೆ ಅಕ್ಕನನ್ನು ಮತ್ತೆ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ, ಪೂರ್ತಿ ಕೇಳಿಸಿದೆ. ಒಮ್ಮೆಯೂ ಸೇದದವರಲ್ಲೂ, ಕೆಟ್ಟ ಗಾಳಿಯ ಊರುಗಳಲ್ಲಿ ಬದುಕಿದವರಾದರೆ, ಇಂಥ ಮಾರ್ಪಾಡುಗಳು ಹೆಚ್ಚಾಗಿ ಕಾಣುತ್ತಿವೆಯಂತೆ. ಸಿಗರೇಟಿನದೆಂದು ಹೆಸರು ಹೊತ್ತ ಗುರುತೂ ಅವುಗಳಲ್ಲಿ ಸೇರಿದೆಯಂತೆ. "ಇವರೊಬ್ಬರ ಗಡ್ಡೆಗೆ ಇದೇ ಕಾರಣ ಅಂತ ಬೆರಳು ತೋರಿಸಲಾರೆ. ಹಾಗಂತ ಪಕ್ಕದವರ ಹೊಗೆ ಒಳ್ಳೇದು ಅಂತಾನೂ ಹೇಳೋದಿಲ್ಲ" ಎಂದರು. ಮರಳುವಾಗ ಚೌಕದಲ್ಲಿ ಬಸ್ಸು ನಿಂತಾಗ ಅಕ್ಕ ಸೆರಗಿನಿಂದ ನನ್ನ ಮೂಗು ಮುಚ್ಚಿದಳು. ಸುತ್ತ ಜನ ನೋಡುತ್ತಿದ್ದರು. ನಾನು ಬಿಡಿಸಿಕೊಳ್ಳಲಿಲ್ಲ. ಮನೆಗೆ ಬಂದವಳೇ ನಿಮ್ಮ ದಿಂಬಿನ ಕವಚ ಒಗೆದು ಹಾಕಿದಳು. ಅವಳ ಭಾಷೆಯಲ್ಲಿ ಅದು ಕ್ಷಮಾಪಣೆ. ಇದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಕಾರಣ ಸಿಕ್ಕಿದರೆ ಮನಸ್ಸು ಹಗುರಾಗುತ್ತದೆಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಗಾಳಿಯ ಮೇಲೆ ಮುನಿಸಿಕೊಳ್ಳುವುದು ಹೇಗೆಂದು ಗೊತ್ತಿಲ್ಲ. ಮನುಷ್ಯರ ಮೇಲಾದರೆ ರೂಢಿಯಿದೆ.

ನಿಮ್ಮ ಅಣ್ಣನವರಿಗೆ, ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ಚಿಮಟ

ತಾ.ಕ.: ಭಾನುವಾರ ಫೋನಿನಲ್ಲಿ ನೀವು ಮಾತು ನಡುವೆ ಬಿಟ್ಟಾಗ, ಅಳುತ್ತಿದ್ದೀರೆಂದು ಅಕ್ಕ ತಿಳಿದಳು. ನಾನು ಹಾಗೆ ತಿಳಿಯಲಿಲ್ಲ. ಅಂಗೈಯಿಂದ ಬಾಯಿ ಮುಚ್ಚಿ ಕೆಮ್ಮುವ ಸದ್ದು ನನಗೆ ಗೊತ್ತು. ಇಡೀ ಒಂದು ವರ್ಷ ನಿಮ್ಮೆದುರು ಕೂತು ನಾನೇ ಹಾಗೆ ಕೆಮ್ಮಿದ್ದೇನೆ. ಮೇಜಿನ ಆ ಬದಿಗೂ ಅದೇ ಗಾಳಿ, ಭಾವ. ನಿಮಗೆ ಅದರ ಮೇಲೆ ಸಿಗರೇಟು ಬೇರೆ. ಶುಕ್ರವಾರ ಬೆಳಿಗ್ಗೆಗೆ ಡಾಕ್ಟರಮ್ಮನ ಹತ್ತಿರ ನಿಮ್ಮ ಹೆಸರು ಬರೆಸಿದ್ದೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಗುರುವಾರ ಸಂಜೆಯೊಳಗೆ ನೀವು ಬರದಿದ್ದರೆ ಹೇಳುತ್ತೇನೆ, ಆಮೇಲೆ ಅವಳೇ ಬರುತ್ತಾಳೆ.