ಬಟಾಣಿಯ ಕುತ್ತಿಗೆ

ಮಾರ್ಚ್ 4, ಮಂಗಳವಾರ
ಬೆಳಗಿನಿಂದ ಕ್ಲಿನಿಕ್ಕಿನಲ್ಲಿ ನಾಯಿ-ಬೆಕ್ಕುಗಳ ಲಸಿಕೆ, ಉಗುರು, ವಾಂತಿ. ನಡುವೆ ಅತ್ತೆ ಬಂದರು, ಬಟಾಣಿಯನ್ನು ಶಾಲಿನಲ್ಲಿ ಸುತ್ತಿಕೊಂಡು. ಎರಡು ಕೆಜಿಯೂ ತೂಗದ ನಾಯಿ, ಮನೆಯಲ್ಲಿ ಮಾತ್ರ ಅದರದೇ ದರ್ಬಾರು. ಸೋಫಾದಿಂದ ಹಾರಿತಂತೆ. ಎತ್ತಿಕೊಂಡರೆ ಕಿರುಚುತ್ತದಂತೆ.

ಎಕ್ಸ್‌ರೇ ತೆಗೆಸಿದೆ. ಎಂದಿನಂತೆ ಕುತ್ತಿಗೆಯಡಿ ಸ್ಪಂಜಿನ ದಿಂಬು, ತಲೆ ನೆಟ್ಟಗೆ. ಅಚ್ಚುಕಟ್ಟಾದ ಚಿತ್ರ.

"ಉಳುಕು ಅಷ್ಟೇ ಅತ್ತೆ. ನಿಮ್ಮ ಮುದ್ದು ಜಾಸ್ತಿಯಾಯ್ತು."

"ನೀನು ಡಾಕ್ಟ್ರು, ನೀನು ಹೇಳಿದ್ಮೇಲೆ ಮುಗೀತು ಬಿಡು." ಮುಖ ಮಾತ್ರ ಒಪ್ಪಲಿಲ್ಲ.

ಮಾರ್ಚ್ 9, ಭಾನುವಾರ
ಬಟಾಣಿ ತಟ್ಟೆಗೆ ತಲೆ ಬಗ್ಗಿಸುತ್ತಿಲ್ಲ. ಅತ್ತೆ ನೆಲದಲ್ಲಿ ಕೂತು ತುತ್ತು ತಿನ್ನಿಸುತ್ತಿದ್ದರು. ಕೊಬ್ಬು ಅದಕ್ಕೆ, ಎಂದೆ. ಅಷ್ಟರಲ್ಲಿ ಎದ್ದು ನಡೆಯಿತು... ಹಿಂಗಾಲು ತೂರಾಡಿತು. ಕುತ್ತಿಗೆಯ ಉಳುಕಿಗೆ ಹಿಂಗಾಲು ತೂರಾಡುವುದಿಲ್ಲ.

ಸಂಜೆ
ಕ್ಲಿನಿಕ್ಕಿಗೆ ಓಡಿದೆ. ಅದೇ ಎಕ್ಸ್‌ರೇ ಮತ್ತೆ ಮತ್ತೆ ನೋಡಿದೆ. ಎಲ್ಲ ಸರಿಯಾಗಿದೆ — ಎಡವಟ್ಟಾಗಿದ್ದೇ ಅಲ್ಲಿ. ಚಿತ್ರ ಚೆಂದ ಬರಲೆಂದು ದಿಂಬಿಟ್ಟೆವು. ಜಾರುವ ಮೂಳೆಯನ್ನು ನಾವೇ ಜಾಗಕ್ಕೆ ಕೂರಿಸಿ ಫೋಟೋ ತೆಗೆದೆವು! ಪುಟ್ಟ ಜಾತಿಯ ನಾಯಿಗಳಲ್ಲಿ ಕತ್ತಿನ ಮೊದಲೆರಡು ಮೂಳೆಗಳ ಕಟ್ಟು ಹುಟ್ಟಿನಿಂದಲೇ ಸಡಿಲವಿರಬಹುದು. ಓದಿದ್ದೇ. ತಲೆ ತುಸು ಬಗ್ಗಿಸಿದರಷ್ಟೇ ಕಾಣುತ್ತದೆ. ಹೆಚ್ಚು ಬಗ್ಗಿಸಿದರೆ ಬೆನ್ನುಹುರಿ ಜಜ್ಜಿ ಉಸಿರೇ ನಿಲ್ಲಬಹುದು.

ದೊಡ್ಡಾಸ್ಪತ್ರೆಯ ಸರ್ಜನ್‌ಗೆ ಫೋನ್ ಮಾಡಿದೆ. "ತಲೆ ತುಸು ಬಗ್ಗಿಸಿ ಒಂದು ಚಿತ್ರ ತೆಗೆದು ಕಳ್ಸಿ, ತಕ್ಷಣ ಸಿಟಿ ಸ್ಕ್ಯಾನ್ ಮಾಡಿ ಆಪರೇಷನ್ ಟೇಬಲ್‌ಗೆ ತಗೋತೀನಿ. ಮಂಪರು ಬರೋ ಇಂಜೆಕ್ಷನ್ ಕೊಡ್ಬೇಡಿ. ಎಚ್ಚರ ಇದ್ರೆ ಅದರ ಸ್ನಾಯುಗಳೇ ಕಾವಲು."

ಎಚ್ಚರವಿರುವ ಬಟಾಣಿ ಯಾರ ಕೈಯಲ್ಲಿ ಸುಮ್ಮನಿರುತ್ತದೆ? ಒಬ್ಬರ ಕೈಯಲ್ಲೇ.

ಮಾರ್ಚ್ 10, ಸೋಮವಾರ
ಅತ್ತೆಗೆ ಎಲ್ಲ ಹೇಳಿದೆ. ಅಪಾಯವನ್ನೂ. ಸೀಸದ ಏಪ್ರನ್ ತೊಟ್ಟು ನಿಂತರು, ಭಾರಕ್ಕೆ ಭುಜ ಕುಸಿದಿತ್ತು. "ಏಯ್ ಕಳ್ಳ, ಅಲ್ಲಾಡ್ಬೇಡ್ವೋ," ಎನ್ನುತ್ತ ಮೈ ಹಿಡಿದರು. ತಲೆ ನಾನು ಹಿಡಿದೆ. ದಿಂಬು ತೆಗೆದೆ. ಒಂಚೂರು ಬಗ್ಗಿಸಿದೆ. ಕಾಲಿನಿಂದ ಗುಂಡಿ ಒತ್ತಿದೆ.

ಪರದೆಯಲ್ಲಿ ಬಂತು. ಎರಡು ಮೂಳೆಗಳ ನಡುವೆ ಬಾಯಿ ಬಿಟ್ಟಂತೆ ಸಂದು. ತಕ್ಷಣ ತಲೆ ನೆಟ್ಟಗೆ ಮಾಡಿ ಕುತ್ತಿಗೆ ಅಲ್ಲಾಡದಂತೆ ಪಟ್ಟಿ ಬಿಗಿದೆ. ಕಾಲು ಚಿವುಟಿದೆ — ಎಳೆದುಕೊಂಡಿತು, ಬೆನ್ನುಹುರಿಗೆ ಪೆಟ್ಟಾಗಿಲ್ಲ. ಸದ್ಯ.

"ಕಾಣಿಸ್ತಾ?"

"ಕಾಣಿಸ್ತು ಅತ್ತೆ."

"ಅವತ್ತೂ ಇತ್ತಾ?"

"ಇತ್ತು."

ಬೈಯುತ್ತಾರೆಂದು ಕಾದೆ. ಅವರು ಬಟಾಣಿಯನ್ನು ಶಾಲಿನಲ್ಲಿ ಸುತ್ತತೊಡಗಿದರು. ಬೈದಿದ್ದರೆ ಹಗುರಾಗುತ್ತಿದ್ದೆ.

ಮಾರ್ಚ್ 12, ಬುಧವಾರ, ಬೆಳಗ್ಗೆ
ದೊಡ್ಡಾಸ್ಪತ್ರೆ. ಚಿತ್ರ ನೋಡಿ ನಿನ್ನೆಯೇ ಸೇರಿಸಿಕೊಂಡರು, ಸ್ಕ್ಯಾನ್ ಮುಗಿಯಿತು. ಎರಡನೇ ಮೂಳೆಯ ಹಲ್ಲಿನಂಥ ಕೊಂಡಿ ಬೆಳೆದೇ ಇಲ್ಲ. ಸ್ಕ್ರೂ ಹಾಕಬೇಕು. ಅಷ್ಟು ಚಿಕ್ಕ ಮೂಳೆಗೆ! ಕೂರಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ. ಕಾರಿಡಾರ್ ಅಳೆದಿದ್ದೇ ಅಳೆದಿದ್ದು.

ಸರ್ಜನ್ ಕೈ ತೊಳೆಯಲು ಹೋದರು. ಮಂಪರು ಕೊಟ್ಟಾಗ ಬಟಾಣಿಯ ತಲೆ ಬಗ್ಗದಂತೆ ಹಿಡಿಯಲು ಒಬ್ಬರು ಬೇಕಂತೆ. ಇಲ್ಲಿಯವರೇ ಯಾರಾದರೂ ಹಿಡಿಯಲಿ, ಎಂದೆ.

ಅತ್ತೆ ಶಾಲು ಮಡಚುತ್ತಿದ್ದವರು ತಲೆ ಎತ್ತಿದರು. "ಬೇರೆಯವ್ರ್ ಯಾಕೆ? ನೀನೇ ಹಿಡ್ಕೋ."

ನನ್ನ ತಪ್ಪು ಗೊತ್ತಿದ್ದೂ...

ಒಳಗಿನಿಂದ ಕರೆಯುತ್ತಿದ್ದಾರೆ. ಡೈರಿ ಮುಚ್ಚಿ ಕೈ ತೊಳೆಯಲು ಹೋಗುತ್ತೇನೆ. ತಲೆ ನಾನೇ ಹಿಡಿಯುತ್ತೇನೆ.