ಪೆನ್ಸಿಲಿನ್‌ಗೆ ಬಗ್ಗದ ಕ್ರಿಮಿ

ಶಿಕಾರಿಪುರ ಆಸ್ಪತ್ರೆ, ೧೯೫೮

ಕುಪ್ಪಗಡ್ಡೆಯ ಅತ್ತೆಯವರಿಗೆ ಅಳಿಯ ಮಾಸ್ತಪ್ಪನ ನಮಸ್ಕಾರಗಳು.

ನಿಮ್ಮ ಮಗಳು ದುರ್ಗಮ್ಮ ಉಳಿದಳು, ಮೊದಲು ಇದನ್ನು ತಿಳಿಯಿರಿ. ಬಾಣಂತಿಯ ಎದೆಯ ಬಾವು ಪೆನ್ಸಿಲಿನ್ ಇಂಜೆಕ್ಷನ್ನಿಗೂ ಇಳಿಯಲಿಲ್ಲ. ಡಾಕ್ಟರು ಕೊಟ್ಟ ಕೀವಿನ ಸೀಸೆಯನ್ನು ನಾನೇ ಬಸ್ಸಿನಲ್ಲಿ ಶಿವಮೊಗ್ಗದ ಲ್ಯಾಬಿಗೆ ಒಯ್ದೆ. ಅಲ್ಲಿ ಕ್ರಿಮಿಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ನಡುವೆ ಬೇರೆ ಬೇರೆ ಔಷಧಿಯ ಕಾಗದದ ಬಿಲ್ಲೆಗಳನ್ನಿಟ್ಟರು. ಮರುದಿನ ನನಗೂ ತೋರಿಸಿದರು. ಪೆನ್ಸಿಲಿನ್ ಬಿಲ್ಲೆಯನ್ನು ಕ್ರಿಮಿಗಳು ಮುತ್ತಿಕೊಂಡಿದ್ದವು. ಇನ್ನೊಂದರ ಸುತ್ತ ಮಾತ್ರ ಗುಡಿಸಿದ ಅಂಗಳದಂತೆ ಖಾಲಿಯಿತ್ತು. “ಈ ಔಷಧಿ ಕೊಡಿಸ್ರೀ, ತಡ ಮಾಡಬ್ಯಾಡ್ರಿ” ಎಂದರು. ಕೊಡಿಸಿದೆವು. ನಿನ್ನೆ ಜ್ವರ ಬಿಟ್ಟಿತು.

ಈಗ ನನ್ನ ಕಳವಳವೆಲ್ಲ ನಿಮ್ಮ ಮಡಿಲಲ್ಲಿರುವ ಕೂಸಿನದು. ಅದು ಅದೇ ಎದೆಹಾಲು ಕುಡಿದಿತ್ತು. ಬಟ್ಟೆಗಳನ್ನು ಕುದಿಸಿ ಒಗೆಯಿರಿ. ಮೈಮೇಲೆ ಒಂದು ಕೀವುಗುಳ್ಳೆ ಕಂಡರೂ ಮನೆಮದ್ದು ಮಾಡುತ್ತ ಕೂರದೆ ಮೊದಲ ಬಸ್ಸಿಗೆ ಕರೆತನ್ನಿ.

ನಿಮ್ಮಿಂದ ಇನ್ನೂ ಒಂದು ಸಾಲೂ ಬಂದಿಲ್ಲ. ಕಣ್ಣು ಬಿಟ್ಟವಳೇ ದುರ್ಗಮ್ಮ, “ಕೂಸು ಹೆಂಗೈತೆ?” ಅಂದಳು. “ಆರಾಮೈತಂತೆ, ಅತ್ತೆ ಕಾಗದ ಬರೆದಾರೆ” ಎಂದುಬಿಟ್ಟೆ. ಆಗಿನಿಂದ, “ಆ ಕಾಗದ ಓದಿ ಹೇಳ್ರಿ” ಎನ್ನುತ್ತಿದ್ದಾಳೆ. ಬೇಗ ಬರೆಯಿರಿ.

ಇಂತಿ, ನಿಮ್ಮ ದಾರಿ ನೋಡುತ್ತಿರುವ
ಮಾಸ್ತಪ್ಪ