ಉಡಿ ಕೊಡವಿ ಬಿಡುತ್ತಾರೆಂದು

ಯರಗುಪ್ಪಿ,
ತಾ. ೨೦-೪-೧೯೮೬

ಚಿ. ಶಿವಗಂಗವ್ವನಿಗೆ ನಿನ್ನ ಅವ್ವನ ಆಶೀರ್ವಾದಗಳು. ನಾನು ಹೇಳುತ್ತಿದ್ದೇನೆ, ನಿಮ್ಮಣ್ಣ ಮಡಿವಾಳೆಪ್ಪ ಬರೆಯುತ್ತಿದ್ದಾನೆ. ಎಮ್ಮೆ ಈದಿದೆ. ಗಿಣ್ಣ ಕಾಸಿ ಓಣಿಯ ಹುಡುಗರಿಗೆ ಹಂಚಿಬಿಟ್ಟೆ.

ಹೋದ ಸೋಮವಾರ ನಿನ್ನನ್ನು ನೋಡಲು ಹುಬ್ಬಳ್ಳಿಗೆ ಬಂದಾಗ ನೀನು ಒಂದು ಮಾತೂ ಆಡಲಿಲ್ಲ. ನಿನ್ನ ಜಡೆ ಕತ್ತರಿಸಿದ್ದರು. ಯಾಕೆಂದು ಕೇಳಲು ಹೋದರೆ ಕೋರ್ಟಿನವರು ನಿನ್ನನ್ನು ಇಟ್ಟಿರುವ ಆ ಬಾಲಕಿಯರ ಮನೆಯ ಮೇಲ್ವಿಚಾರಕಿ ರಜಿಯಾಬೇಗಂ ನನ್ನನ್ನೇ ಜಾಡಿಸಿದರು. "ಹತ್ತ ವರ್ಷದ ಹಿಂದ ಇಲ್ಲಿ ಎಂಟ ಹುಡುಗ್ಯಾರಿದ್ರು. ಈಗ ಹಾಸಾಕ ಚಾಪಿ ಸಾಲವಲ್ವು. ಹುಡುಗ್ಯಾರು ಕೆಟ್ಟಾರೋ, ನೀವು ಮಂದಿ ಪೊಲೀಸರ ಮುಂದ ಅವರ ಹೆಸರು ಬರಸೂದು ಕಲ್ತೀರೋ, ನನಗಂತೂ ತಿಳೀವಲ್ದು" ಎಂದರು.

ನಿನ್ನ ಹೆಸರು ಬರೆಸಿದವಳು ನಾನೇ.

ಸಿನಿಮಾದ ಹುಚ್ಚಿಗೆ ಮಲಕಪ್ಪನ ಹೊಲದ ಹತ್ತಿ ಕದ್ದು ನಮ್ಮ ಅಟ್ಟದಲ್ಲಿ ಮುಚ್ಚಿಟ್ಟವನು ನಿಮ್ಮಣ್ಣ. ಇಲ್ಲಿ ಅವನ ಕೈ ನಿಂತಿತು. ಬರಿಯೋ ಅಂದೆ. ಪೊಲೀಸರು ಚೀಲ ಹೊರಗೆಳೆದಾಗ ಅವನ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. "ಸಣ್ಣಾಕಿ ತಂದಾಳ್ರಿ" ಎಂದುಬಿಟ್ಟೆ. ನೀನು ನನ್ನ ಮುಖವನ್ನೇ ನೋಡಿದೆ. ಆಮೇಲೆ "ಹೌದ್ರಿ, ನಾನ ತಂದೀನ್ರಿ" ಎಂದೆ.

ನಿನ್ನ ವಯಸ್ಸಿನಲ್ಲಿ ಹತ್ತಿ ಬಿಡಿಸಲು ಹೋದಾಗ ನಾನೂ ನಾಲ್ಕು ಹಿಡಿ ಉಡಿಯಲ್ಲಿ ಮುಚ್ಚಿಕೊಂಡು ಬರುತ್ತಿದ್ದೆ. ಸಿಕ್ಕಿಬಿದ್ದರೆ ಹೊಲದವರು ಸೆರಗಿನ ಉಡಿ ಕೊಡವಿಸಿ, ಬಾಯಿಗೆ ಬಂದಂತೆ ಬೈದು ಬಿಡುತ್ತಿದ್ದರು. ಚಾವಡಿಗೆ ಎಳೆದೊಯ್ಯುತ್ತಿದ್ದುದು ಹುಡುಗರನ್ನು ಮಾತ್ರ. ಈಗಲೂ ಹಾಗೇ ಎಂದು ತಿಳಿದಿದ್ದೆ ಮಗಳೇ. ನಿನ್ನನ್ನು ಜೀಪಿಗೆ ಹತ್ತಿಸಿದಾಗಲೇ ಕಣ್ಣು ತೆರೆಯಿತು. ಆಗಲಾದರೂ ಠಾಣೆಗೆ ಓಡಿ ನಿಜ ಹೇಳಬೇಕಿತ್ತು. ಪರೀಕ್ಷೆ ಮುಗಿಯಲಿ ಎಂದು ಕುಳಿತೆ. ಮುಗಿಯುವಷ್ಟರಲ್ಲಿ ನಿನಗೆ ಮೂರು ವರ್ಷ ಎಂದು ತೀರ್ಪಾಗಿತ್ತು.

ಅಣ್ಣ ಪರೀಕ್ಷೆ ಚಲೋ ಬರೆದಿದ್ದಾನೆ. ಪಾಸಾಗಿ ನೌಕರಿ ಹಿಡಿದರೆ ನಿನ್ನ ಕಷ್ಟ ದಂಡವಾಗಲಿಲ್ಲ ಅಂತಲಾದರೂ ಅಂದುಕೊಳ್ಳುತ್ತೇನೆ. ಮುಂದಿನ ಸಲ ಬಂದಾಗ ನನ್ನನ್ನು ಬೈಯಿ. ಸುಮ್ಮನಿರಬೇಡ.

ಇಂತಿ,
ನಿನ್ನ ಹಡೆದವ್ವ
ನೀಲಕ್ಕ (ಹೆಬ್ಬೆಟ್ಟು)

ತಾ.ಕ.: ತಂಗೀ, ಇದು ಅವ್ವ ಹೇಳಿದ್ದಲ್ಲ. ಪರೀಕ್ಷೆಯ ಮೊದಲ ದಿನ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ, ದೂರದಲ್ಲಿರುವ ತಂಗಿಗೆ ಕ್ಷೇಮ ವಿಚಾರಿಸಿ ಪತ್ರ ಬರೆಯಿರಿ ಎಂದು ಕೇಳಿದ್ದರು. ನಿನ್ನ ಹೆಸರು ಬರೆದೆ, ಮುಂದೆ ಕೈ ಓಡಲಿಲ್ಲ. ಎದ್ದು ಬಂದೆ. ಮತ್ತೆ ಯಾವ ಪರೀಕ್ಷೆಗೂ ಕೂಡಲಿಲ್ಲ. ಅವ್ವನಿಗೆ ಗೊತ್ತಿಲ್ಲ. ಮಡಿವಾಳೆಪ್ಪ.